ರುಚಿ ನೋಡದ ಸಾರು

ಐದು ವರ್ಷದ ಹಿಂದಿನ ಮಾತು. ಆಗ ನಾನು ಬೆಟಗೇರಿಯಲ್ಲಿ ಎಂಟು ಹೆಂಗಸರ ಅಡಿಗೆ ತಂಡ ಕಟ್ಟಿಕೊಂಡು ಸುತ್ತಲಿನ ಊರುಗಳ ಸಮಾರಂಭಗಳಿಗೆ ಹೋಗುತ್ತಿದ್ದೆ. ನನ್ನ ತಂಗಿ ನೀಲವ್ವ ಜೊತೆಗಿರುತ್ತಿದ್ದಳು. ಹರ್ತಿಯ ಒಂದು ಮನೆಯ ಗೃಹಪ್ರವೇಶಕ್ಕೆ ಮುನ್ನೂರು ಜನರಿಗೆ ಹೋಳಿಗೆ, ಕಟ್ಟಿನ ಸಾರು ಮಾಡಿದ ದಿನವೇ ನಮ್ಮಿಬ್ಬರಿಗೂ ಎಂದಿನಂತಿದ್ದ ಕೊನೆಯ ದಿನ.

ದೇವರಿಗೆ ಎಡೆ ಹಿಡಿಯುವವರೆಗೆ ನಾವು ಅಡಿಗೆಯ ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ಎಂಬುದನ್ನು ಕುದಿಯುವ ಸಾರಿನ ವಾಸನೆಯಿಂದಲೇ ತಿಳಿಯಬೇಕು. ತನ್ನ ಮೂಗನ್ನು ನಂಬದವರಿಗೆ ಈ ಕೆಲಸ ಆಗುವುದಿಲ್ಲ. ಅವತ್ತೂ ನೀಲವ್ವ ಉಪ್ಪು ಹಾಕಿ, ಸೌಟು ಹಿಡಿದು ನಿಂತಳು.

"ಅಕ್ಕಾ, ಒಂದೀಟು ನೋಡ ಬಾ."

ನಾನು ಹೋಗಿ ಹಬೆಗೆ ಮುಖ ಒಡ್ಡಿ ಮತ್ತೊಂದು ಹಿಡಿ ಹಾಕಿದೆ. ಅವಳು ಎಷ್ಟು ಹಾಕಿದ್ದಾಳೆಂದು ನಾನು ಎಂದೂ ಕೇಳಿದವಳಲ್ಲ. ರೊಟ್ಟಿ ಬಡಿಯುತ್ತಿದ್ದ ನಮ್ಮ ತಂಡದ ಕಾಶವ್ವ, "ನೀಲವ್ವನ ಮೂಗು ಅಕ್ಕನ ಮಾರಿ ಮ್ಯಾಲ ಐತಿ ನೋಡ್ರಬೇ" ಅಂದಳು. ಎಲ್ಲರೂ ನಕ್ಕರು. ನೀಲವ್ವನೂ ನಕ್ಕಳು.

ಮರುದಿನ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಕಾಲಿನ ಎಲುಬು ಮುರಿಯಿತು. ಅದೇ ವಾರ ಲಕ್ಷ್ಮೇಶ್ವರದ ಒಂದು ಮಂಟಪದಲ್ಲಿ ಬಸುರಿಯೊಬ್ಬಳ ಕುಬಸದ ಊಟವಿತ್ತು. ಮಂಟಪದ ಯಜಮಾನರು ಕಾಯಂ ಅಡಿಗೆಯವರನ್ನು ಹುಡುಕುತ್ತಿದ್ದರು. ಈ ಊಟ ಮೆಚ್ಚಿಗೆಯಾದರೆ ಕೆಲಸವೂ ಇರಲಿಕ್ಕೆ ಹಿಂದಿನ ಕೋಣೆಯೂ ನೀಲವ್ವನಿಗೆ ಎಂದಿದ್ದರು. ಗಂಡ ಬಿಟ್ಟ ಮೇಲೆ ನನ್ನ ಮನೆಯ ಪಡಸಾಲೆಯಲ್ಲಿ ಹಾಸಿಕೊಂಡು ಮಲಗುತ್ತಿದ್ದವಳಿಗೆ ಅದು ಸಣ್ಣ ಮಾತಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಉಪ್ಪು ಯಾರು ನೋಡ್ತಾರ?"

"ನಿನಗ ಮೂಗಿಲ್ಲೇನಲೇ? ದಿನಾ ಹಾಕಿದಂಗ ಹಾಕು, ಹೋಗು."

ಅವತ್ತು ನನಗೆ ಹಾಸಿಗೆಯಲ್ಲಿ ಮೈ ನಿಲ್ಲಲಿಲ್ಲ. ಫೋನ್ ಎತ್ತುವುದು, ಇಡುವುದು, ಗಡಿಯಾರ ನೋಡುವುದು. ಹನ್ನೊಂದೂವರೆಗೆ ಅವಳೇ ಫೋನ್ ಮಾಡಿದಳು.

"ಅಕ್ಕಾ, ದಿನಾ ಹಾಕಿದಷ್ಟ ಹಾಕೀನಿ. ಯಾಕೋ ಕಡಿಮಿ ಅನಸಾಕತ್ತೈತಿ."

"ನಿನಗ ಯಾವಾಗ ಅನಸಂಗಿಲ್ಲ? ಅಂಜಿಕ್ಯಾಗ ಮ್ಯಾಲ ಸುರವಿ ಕೆಡಸೀ. ಸುಮ್ನ ಇಳಸು."

ಇಳಿಸಿದಳು. ಮೊದಲ ಪಂಕ್ತಿಯಲ್ಲೇ ಯಾರೋ, "ಇವತ್ತ ಉಪ್ಪಿಂದು ಉಪಾಸ ಏನ್ರಿ?" ಅಂದರಂತೆ. ನೀಲವ್ವ ತಾನೇ ಉಪ್ಪಿನ ತಟ್ಟೆ ಹಿಡಿದು ಒಂದೊಂದು ಎಲೆಯ ಮುಂದೆ ಬಗ್ಗುತ್ತ ಹೋದಳೆಂದು ಕಾಶವ್ವ ಬಂದು ಹೇಳಿದಳು. ಮಂಟಪದ ಕೆಲಸ ಬೇರೆಯವರಿಗೆ ಹೋಯಿತು.

ಆಮೇಲೆ ನೀಲವ್ವ ಒಲೆಯ ಹತ್ತಿರ ನಿಲ್ಲಲಿಲ್ಲ. ಉಳ್ಳಾಗಡ್ಡಿ ಹೆಚ್ಚುವಾಗಲೂ ಇಷ್ಟು ಸಣ್ಣದಾದರೆ ಸಾಕೇ ಎಂದು ಕೇಳುವಳು. ಚಹಾಕ್ಕೆ ಸಕ್ಕರೆ ಹಾಕಲೂ ನನ್ನನ್ನು ಕರೆಯುವಳು. ಒಂದು ದಿನ ನನಗೆ ಸಿಟ್ಟು ಬಂತು. "ಕಡಿಮಿ ಐತಿ ಅಂತ ನಿನಗ ಗೊತ್ತಾಗಿದ್ರ ಅವತ್ತ ಅಷ್ಟ ಯಾಕ ಹಾಕಿದಿ?" ಅಂದೆ.

"ಕಡಿಮಿ ಹಾಕೂದು ರೂಢಿ ಆಗೈತಿ ಅಕ್ಕ. ನೀ ಬಂದು ಒಂದು ಹಿಡಿ ಹಾಕತಿದ್ದೆಲ್ಲ, ಅದಕ್ಕ ಜಾಗಾ ಬಿಟ್ಟಿರತಿದ್ನಿ. ಮೊದಲನೇ ವರ್ಷ ಮುಂಡರಗ್ಯಾಗ ಬಿಟ್ಟಿರಲಿಲ್ಲ. ಸಾರು ಉಪ್ಪಾತು. ಮಂದಿ ಮುಂದ ಬೈದಿ, ನೆನಪಿಲ್ಲೇನ?"

ನೆನಪಿತ್ತು. ಮುಂಡರಗಿಯಲ್ಲಿ ನಾನು ವಾಸನೆ ನೋಡಿರಲಿಲ್ಲ. ಮನೆಯವರೆಲ್ಲ ಸುತ್ತ ನಿಂತಿದ್ದರು. ತಂಡದ ದೊಡ್ಡಾಕೆ ಬಂದು ಸುಮ್ಮನೆ ಹೋದಳು ಎಂದು ಅವರು ಅನ್ನಬಾರದೆಂದು ಒಂದು ಹಿಡಿ ಹಾಕಿದ್ದೆ. ಮುಂದೆಯೂ ಅದೇ ಆಯಿತು. ಅವಳು ನನ್ನ ಹಿಡಿಗೆ ಜಾಗ ಬಿಡುತ್ತಿದ್ದಳು, ನಾನು ಅದನ್ನು ತುಂಬಿ ನನ್ನ ಮೂಗಿನ ಗುಣ ಎಂದುಕೊಳ್ಳುತ್ತಿದ್ದೆ. ಇಷ್ಟೆಲ್ಲ ಹೊಳೆದರೂ ಬಾಯಿಗೆ ಬಂದದ್ದು "ಆತು ಬಿಡು" ಅಷ್ಟೇ. ಎದ್ದು ಹೊರಗೆ ಹೋದೆ.

ಹೋದ ವರ್ಷ ನೀಲವ್ವ ಕಾಮಾಲೆಯಿಂದ ತೀರಿಕೊಂಡಳು.

ಈಗಲೂ ಯಾರಾದರೂ ಹಂಡೆಯ ಹತ್ತಿರ ಕರೆದರೆ ಹೋಗುತ್ತೇನೆ. ಉಪ್ಪು ಸರಿಯಿದ್ದರೆ ಎಲ್ಲರಿಗೂ ಕೇಳುವಂತೆ ಸರಿ ಐತಿ ಅನ್ನುತ್ತೇನೆ, ಏನನ್ನೂ ಹಾಕುವುದಿಲ್ಲ. ದೊಡ್ಡಾಕೆಯಾದವಳು ಕೈ ಕಟ್ಟಿಕೊಂಡು ನಿಲ್ಲುವುದನ್ನೂ ಕಲಿಯಬೇಕು ಎಂದು ಈ ಕೆಲಸ ನನಗೆ ತಡವಾಗಿ ಕಲಿಸಿತು. ಮುಂಡರಗಿಯಲ್ಲಿ ತಪ್ಪು ನನ್ನದಾಗಿತ್ತು ಎಂದು ನೀಲವ್ವನಿಗೆ ಮಾತ್ರ ನಾನು ಹೇಳಲಿಲ್ಲ.