ಹಗಲು ನಾಟಕದಲ್ಲಿ ಕಂಬಳಿಯ ಆಹೇರಿ

ನಾಟಕ ಎಂದರೆ ನಮ್ಮ ಕಡೆ ರಾತ್ರಿ ಊಟ ಮುಗಿಸಿ, ಚಾಪೆ ಸುತ್ತಿಕೊಂಡು ಹೋಗಿ ನೋಡುವಂಥದ್ದು. ನನ್ನ ಮೊಮ್ಮಗಳು ಅದನ್ನು ಮಧ್ಯಾಹ್ನ ಮೂರಕ್ಕೆ ಇಟ್ಟಳು. ಹೆಣ್ಣುಮಕ್ಕಳು ನೋಡಬೇಕು, ಹಾಲು ಹಿಂಡುವ ಹೊತ್ತಿಗೆ ಮನೆ ಸೇರಬೇಕು ಎಂಬುದು ಅವಳ ವಿಚಾರ. ಊರ ಹಿರಿಯರು ನಕ್ಕರು. ಹಗಲು ನಾಟಕ ಯಾರು ನೋಡುತ್ತಾರೆ, ಹಚ್ಚಿದ ಬಣ್ಣ ಬಿಸಿಲಿಗೆ ಕರಗಿ ಕೊರಳಿಗೆ ಇಳಿಯುತ್ತದೆ ಎಂದರು. ಆದರೂ ಕನ್ನಡ ಸಾಲಿಯ ಮುಂದಿನ ಬಯಲಿನಲ್ಲಿ ಪೆಂಡಾಲು ಬಿತ್ತು, ಮಂದಿಯೂ ಕೂಡಿತು. ಹಗಲು ನಾಟಕದ ತ್ರಾಸು ಬೇರೆಯೇ ಇತ್ತು. ನೋಡುವವರ ಮುಖವೂ ಎಲ್ಲರಿಗೂ ಕಾಣುತ್ತದೆ.

ನಾಟಕ ಜೀತದ ಮೇಲಿನದು. ಬರೆದವಳು ಮೊಮ್ಮಗಳೇ. ಬರೆಯುವುದಕ್ಕೆ ಬೇಕಾದ ಸಂಗತಿ ಕೇಳಿಕೊಂಡದ್ದು ನನ್ನ ಅಣ್ಣನ ಹತ್ತಿರ. ಅಣ್ಣ ಇನ್ನೂ ಹಾಲುಹಲ್ಲು ಬೀಳುತ್ತಿದ್ದಾಗಲೇ ನಮ್ಮೂರ ದೊಡ್ಡ ಮನೆಗೆ ವರ್ಷದಾಳಾಗಿ ಹೋದವನು. ಅಪ್ಪ ಸಾಲ ಮಾಡಿದ, ಅಣ್ಣ ದುಡಿದ. ಮೀಸೆ ಬಂದ ಮೇಲೂ ಅಲ್ಲೇ ದುಡಿದ. ಆಮೇಲೆ ಒಂದು ಯುಗಾದಿಯ ಹಿಂದಿನ ರಾತ್ರಿ ಯಾರಿಗೂ ಹೇಳದೆ ಕಾಲುವೆ ಅಗೆಯುವ ಕೆಲಸಕ್ಕೆ ಓಡಿಹೋದ. ಕೆಲವು ವರ್ಷ ಬಿಟ್ಟು ತಿರುಗಿ ಬಂದು ತುಂಡು ಹೊಲ ಹಿಡಿದ. ಈಗ ಅವನದು ಕಬ್ಬಿನ ಹೊಲ, ನಾಲ್ಕು ಮಂದಿಯಲ್ಲಿ ಅವನ ಮಾತು ನಡೆಯುತ್ತದೆ. ಹಳೆಯ ಸಂಗತಿ ಊರ ಮುದುಕರಿಗೆ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಸಣ್ಣವರಿಗೆ ಗೊತ್ತೇ ಇಲ್ಲ.

ನಾಟಕ ಮುಗಿದ ಮೇಲೆ ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಕು ಎಂದು ಮೊಮ್ಮಗಳ ಆಸೆ. ಅಣ್ಣ ಒಪ್ಪಲಿಲ್ಲ. ಆಗ ಅವನ ಮೊಮ್ಮಗನಿಗೆ ದಡ್ಡಿ ಎಂಬ ಊರಿನ ಹೆಣ್ಣು ನೋಡಿಯಾಗಿತ್ತು, ಮಾತು ಗಟ್ಟಿಯಾಗಿರಲಿಲ್ಲ. ಹೆಣ್ಣಿನ ಅಜ್ಜ ಕೇಳಿದಾಗ ಅಣ್ಣ, ನಾವು ಮೊದಲಿನಿಂದಲೂ ಹೊಲ ಉಳ್ಳವರು ಎಂದು ಹೇಳಿಬಿಟ್ಟಿದ್ದ. ಬೀಗರಾಗಬೇಕಾದ ಆ ಅಜ್ಜನವರೇ ಮಾತುಕತೆಗೆಂದು ಊರಿಗೆ ಬಂದವರು, ನಾಟಕವಿದೆ ಎಂದು ಗೊತ್ತಾಗಿ ಉಳಿದುಬಿಟ್ಟರು.

"ನನ್ನ ಹೆಸರ ಮೈಕಿನ್ಯಾಗ ಬಂತಂದ್ರ ಆ ಸಂಬಂಧ ಹ್ವಾದಂಗ ನೋಡವಾ" ಎಂದು ಮೊಮ್ಮಗಳಿಗೆ ಅಂದ.

"ಬರೂದಿಲ್ಲ ಮುತ್ಯಾ. ಆಯಿ ಮ್ಯಾಲ ಆಣಿ."

ಆಣೆಗೆ ಹೋಗಿ ಹೋಗಿ ನಾನೇ ಬೇಕಾಗಿತ್ತು. ಇರಲಿ ಎಂದುಕೊಂಡೆ.

ಅಣ್ಣ ಬರದೆ ಮನೆಯಲ್ಲೇ ಇರಬಹುದಿತ್ತು. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ ಎಂದು ಬಂದ. ಬೀಗರನ್ನು ತನ್ನ ಬಾಜೂ ಕುರ್ಚಿಯಲ್ಲಿ ಕೂರಿಸಿಕೊಂಡ. ನಾನು ಹೆಂಗಸರ ಜೊತೆ ನೆಲದ ಮೇಲೆ, ಅವರಿಗೆ ಹತ್ತಿರವೇ ಕುಳಿತೆ. ಮುಂದಿನ ಸಾಲಿನಲ್ಲಿ ದೊಡ್ಡ ಮನೆಯ ಸಾವಕಾರ ಇದ್ದರು. ಅವರೂ ಅಣ್ಣನೂ ಓರಿಗೆಯವರು. ಸಣ್ಣವರಿದ್ದಾಗ ಹಳ್ಳಕ್ಕೆ ನೀರು ಬಂದರೆ ಅಣ್ಣ ಅವರನ್ನು ಬೆನ್ನ ಮೇಲೆ ಹೊತ್ತು ಸಾಲಿಗೆ ಮುಟ್ಟಿಸಿ, ತಾನು ದನ ಹೊಡೆದುಕೊಂಡು ಹೋಗುತ್ತಿದ್ದ. ಈಗ ಇಬ್ಬರಿಗೂ ಮೊಣಕಾಲು ನೋವು.

ಪರದೆ ಸರಿಯಿತು. ಆಳಿನ ಪಾತ್ರ ಮಾಡಿದವನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಪ್ರಾಯದವನು. ಕಾಲಿಗೆ ದಪ್ಪ ಸರಪಳಿ ಕಟ್ಟಿಕೊಂಡು ಎಳೆಯುತ್ತಾ ಬಂದ. ಮೊಬೈಲು ಹಿಡಿದವರೆಲ್ಲ ಎದ್ದು ನಿಂತರು. ಹಿಂದಿನವರು ಕೂಡ್ರಿ ಕೂಡ್ರಿ ಎಂದು ಬೈದರು. ನನ್ನ ಬಾಜೂ ಕುಳಿತ ಮುದುಕಿ ಚುರಮರಿ ತಿನ್ನುತ್ತಾ, ಆಳಿಗೆ ಸರಪಳಿ ಯಾರು ಹಾಕುತ್ತಿದ್ದರು, ಸರಪಳಿ ಇದ್ದದ್ದು ಎಮ್ಮೆಗೆ ಎಂದಳು. ಖರೆ. ಅದನ್ನು ಮೊಮ್ಮಗಳು ಟಿವಿ ನೋಡಿ ಸೇರಿಸಿದ್ದಳು.

ಧಣಿ ಮಾಡಿದವನಿಗೆ ದನಿ ಚೆನ್ನಾಗಿತ್ತು. ಅವನು ಬಾರಕೋಲು ಬೀಸಿ ಬೈದಾಗಲೆಲ್ಲ ಮಂದಿ ಸಿಳ್ಳೆ ಹೊಡೆದರು. ಹೊಡೆಸಿಕೊಂಡವನಿಗೆ ಒಂದು ಚಪ್ಪಾಳೆ ಇಲ್ಲ. ಆಳು ದನದ ಗೋದಲಿಯ ಹತ್ತಿರ ಕುಳಿತು ನೆಗ್ಗಿದ ಅಲ್ಯೂಮಿನಿಯಂ ತಾಟಿನಲ್ಲಿ ಉಣ್ಣುವ ಸೀನು ಬಂತು. ಹುಡುಗಿಯರು ಕಣ್ಣು ಒರೆಸಿಕೊಂಡರು. ಮುದುಕಿಯರು ತಪ್ಪು ಹುಡುಕಿದರು. ರೊಟ್ಟಿ ಹಾಗೆ ಬಗ್ಗಿ ಬಡಿಸುತ್ತಿರಲಿಲ್ಲ, ನಿಂತಲ್ಲಿಂದಲೇ ಒಗೆಯುತ್ತಿದ್ದರು ಎಂದು ಒಬ್ಬಳು. ಬಿಸಿರೊಟ್ಟಿ ಎಲ್ಲಿಂದ ಬರಬೇಕು ಎಂದು ಇನ್ನೊಬ್ಬಳು. ಮುಂದಿನ ಸಾಲಿನಲ್ಲಿ ದೊಡ್ಡ ಮನೆಯ ಸೊಸೆ ಮುಖ ತಿರುಗಿಸದೆ ಕುಳಿತಿದ್ದಳು. ಪಾಪ, ಅವಳು ಬಂದದ್ದು ಮೊನ್ನೆ ಮೊನ್ನೆ. ಅವಳಿಗೇನು ಗೊತ್ತು.

ಆಮೇಲೆ ಚಳಿಗಾಲದ ಸೀನು. ಆಳು ಹರಕು ಚೀಲ ಹೊದ್ದುಕೊಂಡು ಕೊಟ್ಟಿಗೆಯಲ್ಲಿ ನಡುಗಿದ. ಅವನು ನಡುಗಿದ ರೀತಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಸಲ ಪೆಂಡಾಲು ಸುಮ್ಮನಾಯಿತು. ನಾನು ಅಣ್ಣನ ಕಡೆ ನೋಡಿದೆ. ಅವನು ಬೀಗರಿಗೆ ಈ ವರ್ಷದ ಕಬ್ಬು ಕಟಾವಿನ ಸುದ್ದಿ ಹೇಳುತ್ತಿದ್ದ.

ನಮ್ಮ ಕಡೆ ನಾಟಕದಲ್ಲಿ ಆಹೇರಿ ಎಂದು ಉಂಟು. ಪಾತ್ರ ಹಿಡಿಸಿದರೆ ನೋಡುವವರು ನಡುವೆಯೇ ಆಟ ನಿಲ್ಲಿಸಿ ವೇದಿಕೆ ಹತ್ತುತ್ತಾರೆ. ಟವೆಲ್ಲೋ ಶಾಲೋ ಹೊದಿಸುತ್ತಾರೆ, ಮೈಕಿನಲ್ಲಿ ಅವರ ಹೆಸರು ಹೇಳುತ್ತಾರೆ, ಮತ್ತೆ ಆಟ ಮುಂದುವರಿಯುತ್ತದೆ. ಸತ್ತು ಬಿದ್ದ ಪಾತ್ರದವನೂ ಎದ್ದು ಆಹೇರಿ ತೆಗೆದುಕೊಂಡು ಮತ್ತೆ ಸಾಯುವುದನ್ನು ನಾನು ನೋಡಿದ್ದೇನೆ. ಈ ಸಲ ಆಹೇರಿ ಬೇಡ ಎಂದು ಮೊಮ್ಮಗಳು ಮೊದಲೇ ಹೇಳಿಸಿದ್ದಳು. ಯಾರು ಕೇಳುತ್ತಾರೆ.

ಸಾವಕಾರ ಮಗನನ್ನು ಮನೆಗೆ ಅಟ್ಟಿದರು. ಮಗ ತಂದದ್ದು ಒಂದು ಹೊಸ ಕರಿಕಂಬಳಿ. ಅದನ್ನು ಹೆಗಲಿಗೆ ಹಾಕಿಕೊಂಡು ಸಾವಕಾರ ಮೆಲ್ಲಗೆ ವೇದಿಕೆ ಹತ್ತಿದರು. ನಡುಗುವ ಪಾತ್ರಕ್ಕೆ ದೊಡ್ಡ ಮನೆಯಿಂದ ಕಂಬಳಿಯ ಆಹೇರಿ ಎಂದು ಮೈಕು ಕೂಗಿತು. ಪ್ರಾಯದವರೆಲ್ಲ ಚಪ್ಪಾಳೆ ಬಡಿದರು. ಸಾವಕಾರ ಕೆಟ್ಟ ಬುದ್ಧಿಯಿಂದ ಹಾಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಖರೆ ಕರುಳು ಚುರ್ ಎಂದಿರಬೇಕು. ಮನೆಯಲ್ಲಿ ಕಂಬಳಿ ಇತ್ತು, ತಂದರು.

ಆದರೆ ಮುದುಕರು ಯಾರೂ ಚಪ್ಪಾಳೆ ಬಡಿಯಲಿಲ್ಲ. ಚುರಮರಿ ತಿನ್ನುತ್ತಿದ್ದವಳ ಕೈ ಬಾಯಿಯ ಹತ್ತಿರವೇ ನಿಂತಿತು. ಯಾಕೆಂದರೆ ಆ ಕಾಲದಲ್ಲಿ ಆಳಿನ ವರ್ಷ ಯುಗಾದಿ ಪಾಡ್ಯಕ್ಕೆ ಮುಗಿಯುತ್ತಿತ್ತು. ಆವತ್ತು ಧಣಿ ಪಡಸಾಲೆಯಲ್ಲಿ ನಿಂತು ಹೊಸ ಕಂಬಳಿ ಹೊದಿಸುತ್ತಿದ್ದ. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಆಳು ಕಂಬಳಿ ಹೊದ್ದು ಕಾಲು ಮುಟ್ಟಿದರೆ ಮತ್ತೊಂದು ವರ್ಷ ಆ ಮನೆಯವನು. ಹೊದಿಸುವಾಗ ಬೇಡ ಎಂದವರನ್ನು ನಾನು ಕಂಡಿಲ್ಲ. ಬೇಡ ಎನ್ನಬೇಕಾದವರು ಹಿಂದಿನ ರಾತ್ರಿಯೇ ಊರು ಬಿಡುತ್ತಿದ್ದರು.

ಇದನ್ನು ಅಣ್ಣ ಮೊಮ್ಮಗಳಿಗೆ ಹೇಳಿರಲಿಲ್ಲ. ಟ್ರ್ಯಾಕ್ಟರಿನವನಿಗಂತೂ ಹೇಗೆ ಗೊತ್ತಿರಬೇಕು. ಅವನು ಹಿರಿಯರು ಎಂದು ಸಾವಕಾರರ ಕಾಲು ಮುಟ್ಟಲು ಬಗ್ಗಿದ. ಸಾವಕಾರ ಕಂಬಳಿ ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ಏ ತಮ್ಮಾ, ಅದನ್ನ ಹೊದ್ಕೋಬ್ಯಾಡ."

ಅಣ್ಣ ಎದ್ದು ನಿಂತಿದ್ದ. ಕೂಗಿರಲಿಲ್ಲ, ಹೊಲದಲ್ಲಿ ಎತ್ತಿಗೆ ಮಾತಾಡುವಷ್ಟೇ ದನಿ. ಆದರೂ ಎಲ್ಲರಿಗೂ ಕೇಳಿಸಿತು.

"ಹೊದ್ದಿ ಅಂದ್ರ ಮತ್ತ ಒಂದು ವರ್ಷ ಗೋದಲ್ಯಾಗ ಮಲಗಬೇಕಾಗತೈತಿ."

ಕೆಲವರು ನಾಟಕದ್ದೇ ಮಾತು ಎಂದು ತಿಳಿದು ಚಪ್ಪಾಳೆ ಹೊಡೆದು, ಪಕ್ಕದವರ ಮುಖ ನೋಡಿ ನಿಲ್ಲಿಸಿದರು. ಸಾವಕಾರ ಕಂಬಳಿ ಹಿಡಿದುಕೊಂಡೇ ತಿರುಗಿದರು.

"ಇದು ಖುಷಿಲೆ ಕೊಡೂದಪಾ" ಎಂದರು.

"ನಿಮ್ಮಪ್ಪಾರೂ ಖುಷಿಲೇನ ಕೊಡತಿದ್ರಿ. ನಾ ಎಷ್ಟ ಹೊದ್ದೇನಿ ನಿಮಗ ಗೊತ್ತೈತೆಲ್ಲರಿ."

ಇಷ್ಟು ಹೇಳಿ ಅಣ್ಣ ಕುಳಿತುಬಿಟ್ಟ. ಹೆಸರು ಮೈಕಿನಲ್ಲಿ ಬರಬಾರದು ಎಂದು ಮೊಮ್ಮಗಳ ಕಡೆಯಿಂದ ಆಣೆ ಮಾಡಿಸಿಕೊಂಡವನು ಮೈಕೇ ಇಲ್ಲದೆ ಊರ ಮುಂದೆ ಹೇಳಿಕೊಂಡಿದ್ದ. ಅವನ ಮಗ ತಲೆ ತಗ್ಗಿಸಿದ. ದಡ್ಡಿಯ ಬೀಗರು ಎದುರಿಗಿದ್ದ ವೇದಿಕೆಯನ್ನೇ ನೋಡುತ್ತಿದ್ದರು. ಕಂಬಳಿ ವೇದಿಕೆಯಲ್ಲಿ ಧಣಿ ಪಾತ್ರದವನ ಕುರ್ಚಿಯ ಮೇಲೆ ಬಿತ್ತು. ಸಾವಕಾರ ಇಳಿದು ಬಂದು ತಮ್ಮ ಜಾಗದಲ್ಲೇ ಕುಳಿತರು, ಮನೆಗೆ ಹೋಗಲಿಲ್ಲ. ನಾಟಕ ಮುಂದುವರಿಯಿತು. ಉಳಿದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಕೊನೆಗೆ ಆಳು ಸರಪಳಿ ಹರಿದು ಉದ್ದ ಭಾಷಣ ಮಾಡಿದ. ಅಷ್ಟರಲ್ಲಿ ಹಾಲಿನ ಹೊತ್ತಾಗಿ ಅರ್ಧ ಹೆಂಗಸರು ಎದ್ದು ಹೋಗಿದ್ದರು.

ಮೊಮ್ಮಗಳು ಪರದೆಯ ಹಿಂದಿನಿಂದ ಬಂದು ಅಳುತ್ತಾ ನಿಂತಳು, ತಾನು ಹೇಳಲಿಲ್ಲ, ಆಣೆ ಮುರಿಯಲಿಲ್ಲ ಎಂದು. ನೀನು ಹೇಳಲಿಲ್ಲ, ಸುಮ್ಮನಿರು, ಮೂಗು ಒರೆಸಿಕೋ ಎಂದೆ.

ಅಣ್ಣನ ಮನೆಯಲ್ಲಿ ಚಹಾ ಕೊಟ್ಟೆವು. ಅಣ್ಣನ ಸೊಸೆ ಒಳಗಿಂದ ನನ್ನನ್ನು ನುಂಗುವ ಹಾಗೆ ನೋಡಿದಳು. ನಾಟಕ ಬರೆದವಳು ನನ್ನ ಮೊಮ್ಮಗಳು, ಅದಕ್ಕೆ. ದಡ್ಡಿಯ ಬೀಗರು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದರು. ಬಸಿ ಕೆಳಗಿಟ್ಟ ಮೇಲೆ ಅಣ್ಣನ ಕಡೆ ತಿರುಗಿದರು.

"ನಿಮ್ಮ ಕಡೆ ಕಂಬಳಿ ಏನ್ರಿ? ನಮ್ಮ ಕಡೆ ಪಾಡ್ಯಾಕ್ಕ ಕೆರ ಕೊಡತಿದ್ರು."

"ಕೆರಾನ? ಕಂಬಳಿ ಇಲ್ಲೇನ್ರಿ?"

"ಇಲ್ರಿ. ಹೊಸಾ ಕೆರ ಮೆಟ್ಟಿದ್ನೆಂದ್ರ ಆತು, ಮತ್ತ ಅವರ ಮನ್ಯಾಂವ."

ಬೀಗರು ಆ ಚಪ್ಪಲಿ ಕೊಡುತ್ತಿದ್ದವರ ಮನೆಯವರೋ, ಮೆಟ್ಟುತ್ತಿದ್ದವರ ಮನೆಯವರೋ, ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೋಗುವಾಗ ಮಾತು ಗಟ್ಟಿ ಮಾಡಲು ಯಾವಾಗ ಬರುತ್ತೀರಿ ಎಂದು ಅವರೇ ಕೇಳಿದರು. ಮದುವೆ ಹುಕ್ಕೇರಿಯ ಮಂಗಲ ಕಾರ್ಯಾಲಯದಲ್ಲಿ ಆಯಿತು. ಊಟಕ್ಕೆ ಉಪ್ಪು ಕಡಿಮೆ ಇತ್ತು.

ಸಾವಕಾರ ಕೆಲವು ದಿನ ಊರ ಅಗಸಿ ಬಾಗಿಲ ಕಟ್ಟೆಗೆ ಬರಲಿಲ್ಲ. ಆಮೇಲೆ ಬಂದರು. ಅಣ್ಣ ಸರಿದು ಜಾಗ ಕೊಟ್ಟ. ನಾನು ಗಿರಣಿಯಿಂದ ಹಿಟ್ಟು ಬೀಸಿಕೊಂಡು ಬರುವವಳು, ದಣಿವಾಗಿ ಅಲ್ಲೇ ಡಬ್ಬಿ ಇಳಿಸಿದ್ದೆ. ಇಬ್ಬರೂ ಬಹಳ ಹೊತ್ತು ಹೋಗುವ ಬರುವ ಬಸ್ಸು ನೋಡಿದರು.

"ಆವತ್ತ ಹೇಳಿ ಹೋಗಬೇಕಿತ್ತೋ" ಎಂದರು ಸಾವಕಾರ. ಕಾಲುವೆ ಕೆಲಸಕ್ಕೆ ಓಡಿಹೋದ ದಿನದ ಮಾತು.

"ಹೇಳಿದ್ರ ಬಿಡತಿದ್ರೇನ್ರಿ?"

ಸಾವಕಾರ ಯೋಚನೆ ಮಾಡಿದರು. ಸುಳ್ಳು ಹೇಳುವುದಿದ್ದರೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಇಲ್ಲ" ಎಂದರು.

ಅಣ್ಣ ಎಲೆಯಡಿಕೆಯ ಚೀಲ ಬಿಚ್ಚಿ ಅವರ ಮುಂದೆ ಹಿಡಿದ. ನಾನು ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ.

ಆ ನಾಟಕ ಮುಂದೆ ಮೂಡಲಗಿಯಲ್ಲೂ ಆಯಿತು. ಮೊಮ್ಮಗಳು ಸರಪಳಿ ತೆಗೆದುಹಾಕಿದ್ದಳು. ಕೊನೆಯ ಸೀನಿನಲ್ಲಿ ಧಣಿ ಪಡಸಾಲೆಯಲ್ಲಿ ನಿಂತು ಕಂಬಳಿ ಬಿಡಿಸುತ್ತಾನೆ, ಆಳು ಎದುರಿಗೆ ನಿಲ್ಲುತ್ತಾನೆ, ಅಷ್ಟೇ. ಮಾತಿಲ್ಲ. ಸಣ್ಣವರಿಗೆ ತಿಳಿಯಲಿಲ್ಲ, ಮುಂದೇನು ಮುಂದೇನು ಎಂದು ಕಾದರು. ಹಿಂದಿನ ಸಾಲುಗಳಲ್ಲಿ ಮಾತ್ರ ಕೆಲವು ಮುದುಕರು ಬ್ಯಾಡೋ, ಬ್ಯಾಡೋ ಎಂದರು. ಸಾವಕಾರರು ಬಿಟ್ಟುಹೋದ ಕಂಬಳಿಯನ್ನೇ ತಂದಿದ್ದರು. ಅಣ್ಣನಿಗೆ ಅದು ಸರಿ ಕಾಣಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕುಲಗೋಡ ಬರುವವರೆಗೂ ಅದೇ ಮಾತು. ಅಷ್ಟು ಒಳ್ಳೆಯ ಕಂಬಳಿ ಆಗ ಯಾರು ಕೊಡುತ್ತಿದ್ದರು, ಅವನ ಪಾಲಿಗೆ ಬಂದವೆಲ್ಲ ಮೈ ಕಡಿಯುತ್ತಿದ್ದವು ಎಂದ.