ಬದಲಿಗೆ ಬಂದ ಉಪ್ಪು

ಶ್ರೀವಿದ್ಯಾ ನೋಡಿಕೊಳ್ಳುವ ಲ್ಯಾಬಿನಲ್ಲಿ ಲೇಬಲ್ ಇಲ್ಲದ ಸೀಸೆ ಒಂದೂ ಸಿಗುವುದಿಲ್ಲ. ಚಿಂತಾಮಣಿಯ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ಅವಳ ಸುಪರ್ದಿನಲ್ಲಿದೆ. ಒಳಗಿರುವುದರ ಹೆಸರು, ತಂದ ದಿನ, ತೆರೆದ ದಿನ ಈ ಮೂರೂ ಸೀಸೆಯ ಮೇಲೆ ಇರಬೇಕು. ಲೇಬಲ್ ಮಾಸಿ ಹೋದರೆ, ಒಳಗಿರುವುದು ಏನೆಂದು ಗೊತ್ತಿದ್ದರೂ ಚೆಲ್ಲಿಸಿಬಿಡುತ್ತಾಳೆ. ಬಿಎಸ್ಸಿ ಮುಗಿಸಿ ಆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿದೆ. ಇಷ್ಟು ವರ್ಷಗಳಲ್ಲಿ ಒಬ್ಬ ಹುಡುಗನ ಕೈ ಕೂಡ ಆಸಿಡ್‌ನಿಂದ ಸುಟ್ಟಿಲ್ಲ.

ಈ ಕಟ್ಟುನಿಟ್ಟು ಅವಳಿಗೆ ಬಂದದ್ದು ದೊಡ್ಡಪ್ಪ ಚೆನ್ನರಾಯಪ್ಪನವರಿಂದ. ಅವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತೂಗುತ್ತಿದ್ದರು. ಶ್ರೀವಿದ್ಯಾಳಿಗೆ ಆರು ವರ್ಷವಾಗಿದ್ದಾಗ ಅವಳ ಅಪ್ಪ ತೀರಿಕೊಂಡರು, ಎರಡು ವರ್ಷಕ್ಕೆ ಅಮ್ಮನೂ ಹೋದಳು. ಮಕ್ಕಳಿಲ್ಲದ ದೊಡ್ಡಪ್ಪ, ದೊಡ್ಡಮ್ಮ ಅವಳನ್ನು ಸಾಕಿದರು. ಬೇಸಿಗೆ ರಜೆಯಲ್ಲಿ ದೊಡ್ಡಪ್ಪ ಅವಳನ್ನು ಮಾರುಕಟ್ಟೆಗೆ ಕರೆದೊಯ್ದು ತಕ್ಕಡಿಯ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದರು.

"ಮುಳ್ಳು ನಿಂತ ಮೇಲೆ ಓದಮ್ಮ ವಿದ್ಯಮ್ಮ. ಆಡ್ತಿರೋ ಮುಳ್ಳನ್ನ ಓದೋನು ಒಂದೋ ಕಳ್ಳ, ಇಲ್ಲಾ ಅವಸರದೋನು. ರೈತನಿಗೆ ಇಬ್ರಿಂದ್ಲೂ ಒಂದೇ ನಷ್ಟ."

ನಿವೃತ್ತಿಯಾದ ನಾಲ್ಕು ವರ್ಷಕ್ಕೆ ಅವರ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಅದಕ್ಕಾಗಿಯೇ ಗಂಡ ಹೆಂಡತಿ ಚಿಕ್ಕಬಳ್ಳಾಪುರದಲ್ಲಿ ಡಯಾಲಿಸಿಸ್ ಸೆಂಟರ್‌ಗೆ ನಡೆದುಹೋಗುವಷ್ಟು ಹತ್ತಿರ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದರು. ಡಾಕ್ಟರು ಕೊಟ್ಟ ಹಾಳೆಯನ್ನು ಶ್ರೀವಿದ್ಯಾ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದಳು. ಎಳನೀರು, ಬಾಳೆಹಣ್ಣು, ಟೊಮ್ಯಾಟೊ, ಸೊಪ್ಪು ಬೇಡ. ತರಕಾರಿ ಹೆಚ್ಚಿ ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಬೇಕು. ಇದೆಲ್ಲ ಪೊಟ್ಯಾಸಿಯಂ ಮೈಗೆ ಸೇರದಿರಲೆಂದು. ಕೆಲಸ ಮಾಡದ ಮೂತ್ರಪಿಂಡ ಅದನ್ನು ಹೊರಗೆ ಹಾಕಲಾರದು, ರಕ್ತದಲ್ಲಿ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಬಿಪಿಯೂ ಇದ್ದುದರಿಂದ ಉಪ್ಪನ್ನೂ ಕಡಿಮೆ ಮಾಡಲು ಹೇಳಿದ್ದರು. ಇಬ್ಬರಿಗೂ ಸೇರಿ ದಿನಕ್ಕೊಂದು ಟೀ ಚಮಚ.

"ಹುಳಕ್ಕೆ ಸೊಪ್ಪು ಹಾಕ್ದಂಗೆ ಹಾಕ್ತಾಳೆ ಕಣಮ್ಮ ನಿಮ್ಮ ದೊಡ್ಡಮ್ಮ, ಉಪ್ಪಿಲ್ಲ ಹುಳಿಯಿಲ್ಲ," ಎಂದು ಅವರು ಫೋನಿನಲ್ಲಿ ದೂರುತ್ತಿದ್ದರು. "ಇನ್ನೊಂದು ವಾರ ಹಿಂಗೇ ತಿಂದ್ರೆ ಗೂಡು ಕಟ್ತೀನಿ ನೋಡು."

"ಕಟ್ಟಿ, ಕಟ್ಟಿ. ತೂಗಿ ಮಾರ್ತೀನಿ," ಎಂದು ಹಿಂದಿನಿಂದ ದೊಡ್ಡಮ್ಮ ಚಿಕ್ಕವೆಂಕಟಮ್ಮನ ದನಿ ಕೇಳುತ್ತಿತ್ತು.

ಕೋವಿಡ್‌ನ ಎರಡನೇ ಅಲೆ ಬಂದಾಗ ಅಂಗಡಿಗಳು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ತೆರೆಯುತ್ತಿದ್ದವು. ಆ ನಾಲ್ಕು ಗಂಟೆಯಲ್ಲಿ ಊರೆಲ್ಲ ಅಲ್ಲೇ ಇರುತ್ತಿತ್ತು. ಶ್ರೀವಿದ್ಯಾಳಿಗೆ ಚಿಂತಾಮಣಿಯಿಂದ ಹೊರಡಲು ಬಸ್ಸಿಲ್ಲ. ದೊಡ್ಡಮ್ಮ ಅಂಗಡಿಗೆ ಹೋಗಿ ಸೋಂಕು ತಂದರೆ ದೊಡ್ಡಪ್ಪ ಉಳಿಯುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಚಿಕ್ಕಬಳ್ಳಾಪುರದ ಒಂದು ಸೂಪರ್ ಮಾರ್ಕೆಟ್‌ನವರು ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದರೆ ಮನೆ ಬಾಗಿಲಿಗೆ ತಂದಿಡುತ್ತಿದ್ದರು. ವಯಸ್ಸಾದವರಿಗೆ, ಕಾಯಿಲೆಯವರಿಗೆ ಮೊದಲು. ಅವಳು ಪ್ರತಿ ಶನಿವಾರ ಪಟ್ಟಿ ಕಳಿಸತೊಡಗಿದಳು. ವಸ್ತು, ತೂಕ, ಸಿಗದಿದ್ದರೆ ಏನು ಮಾಡಬೇಕು, ಹೀಗೆ ಮೂರು ಕಾಲಂ. ಮೂರನೆಯ ಕಾಲಂನಲ್ಲಿ ಎಲ್ಲದಕ್ಕೂ ಒಂದೇ ಮಾತು: ಕೇಳಿ, ಆಮೇಲೆ ಹಾಕಿ.

ಅಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದವನ ಹೆಸರು ನರೇಂದ್ರ. ಒಳ್ಳೆಯವನು. ಆಪಲ್ ಹಾಕುವ ಮುನ್ನ ಫೋಟೋ ತೆಗೆದು ಕಳಿಸುತ್ತಿದ್ದ. ಡಬ್ಬಿಗಳನ್ನು ಬಾಗಿಲಲ್ಲಿಟ್ಟು ಬೆಲ್ ಒತ್ತಿ ಆರಡಿ ಹಿಂದೆ ಸರಿದು ನಿಲ್ಲಬೇಕೆಂದು ವ್ಯಾನಿನವನಿಗೆ ಹೇಳಿಕೊಟ್ಟಿದ್ದ. ಸಾಮಾನು ಬಂದ ಮೇಲೆ ಚೆನ್ನರಾಯಪ್ಪ ಒಂದೊಂದೇ ಪ್ಯಾಕೆಟ್ಟನ್ನು ಅಂಗೈ ಮೇಲಿಟ್ಟುಕೊಂಡು ತೂಕ ಹೇಳುತ್ತಿದ್ದರು.

"ಕಡ್ಲೆಬೇಳೆ ಹತ್ತು ಗ್ರಾಂ ಕಮ್ಮಿ ಐತೆ. ಬಿಡು, ಕವರ್ ತೂಕ ಇರ್ತದೆ."

ಮೇ ತಿಂಗಳಲ್ಲಿ ಡಯಾಲಿಸಿಸ್ ಸೆಂಟರಿನ ಸಿಬ್ಬಂದಿಯಲ್ಲಿ ಮೂವರಿಗೆ ಸೋಂಕು ತಗುಲಿತು. ವಾರಕ್ಕೆ ಎರಡು ಸಲ ಆಗುತ್ತಿದ್ದದ್ದು ಒಂದಕ್ಕೆ ಇಳಿಯಿತು. ಊಟದಲ್ಲಿ ಇನ್ನೂ ಜಾಗ್ರತೆಯಾಗಿರಿ ಎಂದು ಅಲ್ಲಿಯವರು ಹೇಳಿ ಕಳಿಸಿದರು.

ಮೇ ಹದಿನೈದು, ಶನಿವಾರ. ಶ್ರೀವಿದ್ಯಾ ಅನುಮತಿ ಪಡೆದು ಲ್ಯಾಬಿಗೆ ಹೋಗಿ, ಮಕ್ಕಳಿಗೆ ಕಳಿಸಲು ಪ್ರಯೋಗದ ವೀಡಿಯೋ ಮಾಡುತ್ತಿದ್ದಳು. ಬ್ಯೂರೆಟ್ಟಿನಲ್ಲಿ ನೀರಿನ ಮಟ್ಟಕ್ಕೆ ಕಣ್ಣನ್ನು ಸಮನಾಗಿಟ್ಟು ಓದಬೇಕೆಂದು ತೋರಿಸುತ್ತಿದ್ದಾಗ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಫೋನಿನಲ್ಲಿ ನರೇಂದ್ರನ ಸಂದೇಶ ಬಂತು. ಜೊತೆಗೊಂದು ಫೋಟೋ.

"ಮೇಡಂ, ಮಾಮೂಲಿ ಉಪ್ಪು ಸ್ಟಾಕ್ ಇಲ್ಲ. ಲೋ ಸೋಡಿಯಂ ಇದೆ, ಬಿಪಿ ಇರೋರಿಗೆ ಅಂತಲೇ ಬರುತ್ತೆ. ವಯಸ್ಸಾದೋರಿಗೆ ಇದೇ ಒಳ್ಳೇದು. ಹಾಕ್ಲಾ?"

ಅವಳು ಹೆಬ್ಬೆರಳಿನ ಚಿತ್ರ ಒತ್ತಿ ವೀಡಿಯೋಗೆ ಮರಳಿದಳು.

ಸೋಮವಾರ ದೊಡ್ಡಮ್ಮ ಫೋನ್ ಮಾಡಿದಳು. "ಉಪ್ಪು ಯಾಕೋ ಕಹಿಕಹಿ ಐತೆ ಕಣಮ್ಮ. ಉಪ್ಪಿನ ರುಚೀನೇ ಇಲ್ಲ. ನಿಮ್ಮ ದೊಡ್ಡಪ್ಪ ಸಾರು ಸಪ್ಪೆ ಅಂತ ತಟ್ಟೆ ತಳ್ತಾರೆ."

"ಅದು ಬಿಪಿಯೋರಿಗೆ ಅಂತ ಮಾಡಿರೋ ಉಪ್ಪು ದೊಡ್ಡಮ್ಮ. ಹಂಗೇ ಇರುತ್ತೆ. ಅಭ್ಯಾಸ ಆಗುತ್ತೆ ಬಿಡು."

"ಒಂಚೂರು ಜಾಸ್ತಿ ಹಾಕ್ಲಾ?"

"ಒಂಚೂರು. ಇದ್ರಲ್ಲಿ ಸೋಡಿಯಂ ಕಮ್ಮಿ ಇರುತ್ತೆ, ಏನಾಗಲ್ಲ."

ಚೆನ್ನರಾಯಪ್ಪನವರೂ ಆ ಪ್ಯಾಕೆಟ್ಟನ್ನು ಅಂಗೈ ಮೇಲಿಟ್ಟು ನೋಡಿದ್ದರಂತೆ. ತೂಕ ಸರಿಯಾಗಿತ್ತು.

ಹನ್ನೆರಡನೆಯ ದಿನ, ಗುರುವಾರ ಬೆಳಿಗ್ಗೆ, ಅವರು ಮಂಚದಿಂದ ಕಾಲು ಕೆಳಗಿಡಲಾರದೆ ಹೋದರು. ತೊಡೆಯಲ್ಲಿ ಬಲವೇ ಇಲ್ಲ ಎಂದರು. ಆಂಬುಲೆನ್ಸ್‌ಗಳೆಲ್ಲ ಕೋವಿಡ್ ರೋಗಿಗಳಿಗೆ ಓಡಾಡುತ್ತಿದ್ದವು. ಪಕ್ಕದ ಮನೆಯವರ ಆಟೋದಲ್ಲಿ ಸೆಂಟರ್ ಮುಟ್ಟಿ, ರಕ್ತ ತೆಗೆದುಕೊಂಡು, ಯಂತ್ರಕ್ಕೆ ಜೋಡಿಸುವಷ್ಟರಲ್ಲಿ ಹೃದಯ ನಿಂತಿತು. ಸೋಂಕಿರಲಿಲ್ಲ. ಹಾಗಾಗಿ ದೇಹವನ್ನು ಮನೆಯವರಿಗೇ ಕೊಟ್ಟರು. ಶ್ರೀವಿದ್ಯಾ ಪಾಸ್ ಮಾಡಿಸಿಕೊಂಡು ಸ್ಕೂಟರಿನಲ್ಲಿ ಶಿಡ್ಲಘಟ್ಟ ದಾಟಿ ಬಂದಳು. ಮಾರುಕಟ್ಟೆಯ ಮುಂದೆಯೇ ಹಾದುಬಂದರೂ ಅದು ಅವಳ ಗಮನಕ್ಕೆ ಬರಲಿಲ್ಲ.

ರಕ್ತದ ವರದಿ ಅವಳ ಫೋನಿಗೆ ಬಂದದ್ದು ಮಣ್ಣು ಮಾಡಿದ ಮಾರನೆಯ ದಿನ. ಪೊಟ್ಯಾಸಿಯಂ ಐದರೊಳಗೆ ಇರಬೇಕಾದದ್ದು ಏಳೂವರೆ ಇತ್ತು. ಅವಳು ಒಂದು ಹಾಳೆ ತೆಗೆದುಕೊಂಡು, ಆ ತಿಂಗಳು ದೊಡ್ಡಪ್ಪ ತಿಂದಿರಬಹುದಾದದ್ದನ್ನೆಲ್ಲ ಆರ್ಡರ್ ಪಟ್ಟಿಗಳಿಂದ ಬರೆದುಕೊಳ್ಳುತ್ತಾ ಹೋದಳು. ಮೇ ಹದಿನೈದರ ಪಟ್ಟಿಯಲ್ಲಿ ನಿಂತಳು. ನರೇಂದ್ರ ಕಳಿಸಿದ್ದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದಳು. ಪ್ಯಾಕೆಟ್ಟಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ಇತ್ತು: ಪೊಟ್ಯಾಸಿಯಂ ಕ್ಲೋರೈಡ್, ನೂರಕ್ಕೆ ಮೂವತ್ತು.

ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಇನ್ನೇನನ್ನು ತುಂಬಿರುತ್ತಾರೆಂದು ಅವಳ ಲ್ಯಾಬಿನ ಯಾವ ವಿದ್ಯಾರ್ಥಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಲೆಕ್ಕ ಹಾಕಿದಳು. ಒಂದು ಟೀ ಚಮಚದಲ್ಲಿ ಆರು ಗ್ರಾಂ ಉಪ್ಪು, ಅದರಲ್ಲಿ ಹತ್ತಿರ ಹತ್ತಿರ ಒಂದು ಗ್ರಾಂ ಪೊಟ್ಯಾಸಿಯಂ, ಅವರ ಪಾಲಿಗೆ ಅರ್ಧ. ಡಾಕ್ಟರು ಅವರಿಗೆ ಇಡೀ ದಿನಕ್ಕೆ ಬಿಟ್ಟಿದ್ದು ಎರಡು ಗ್ರಾಂ. ದೊಡ್ಡಮ್ಮ ಎಷ್ಟು ಜಾಸ್ತಿ ಹಾಕಿದ್ದಳೋ ಗೊತ್ತಿಲ್ಲ.

ಸೆಂಟರಿನ ಡಾಕ್ಟರಿಗೆ ಫೋನ್ ಮಾಡಿದಳು. ಅವರು ದಣಿದ ದನಿಯಲ್ಲಿ ಪೂರ್ತಿ ಕೇಳಿಸಿಕೊಂಡರು.

"ಡಯಾಲಿಸಿಸ್ ತಪ್ಪಿದೆ. ಉಪ್ಪೂ ಸೇರಿರಬಹುದು. ಯಾವುದರಿಂದ ಎಷ್ಟು ಅಂತ ನನಗೂ ಹೇಳಕ್ಕಾಗಲ್ಲಮ್ಮ."

"ಅಂದಾಜು, ಸರ್?"

"ಅಂದಾಜು ತಗೊಂಡು ಏನ್ಮಾಡ್ತೀರಿ?"

ಹನ್ನೊಂದನೆಯ ದಿನದ ಕಾರ್ಯಕ್ಕೆ ಸೇರಿದ್ದವರು ಏಳೇ ಜನ. ದೊಡ್ಡಮ್ಮ ಗೋಡೆಗೆ ಒರಗಿ ಕುಳಿತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಬಿಪಿಗೆ ಉಪ್ಪು ಬೇಡ ಅಂದಿದ್ರು ಡಾಕ್ಟ್ರು. ಸಪ್ಪೆ ಅಂತಾರಲ್ಲ ಅಂತ ನಾನು ಪಾಪಿ ಮೇಲೆ ಮೇಲೆ ಹಾಕ್ದೆ. ನಾನೇ ಕಳ್ಕೊಂಡೆ."

ದೊಡ್ಡಪ್ಪನ ಚಿಕ್ಕಪ್ಪನ ಮಗ ಎರ್ರಪ್ಪ ಎಲೆಯ ಮುಂದೆ ಕುಳಿತವನು ಸಾರಿನ ಬಟ್ಟಲು ಸರಿಸಿಕೊಂಡು, "ಅತ್ತಿಗೆ, ಇದಕ್ಕಾದ್ರೂ ನೋಡಿ ಹಾಕಿದ್ದೀಯೇನಮ್ಮ ಉಪ್ಪು?" ಎಂದ. ಹಾಸ್ಯಕ್ಕೇ ಅಂದದ್ದು. ಇಬ್ಬರು ನಕ್ಕರು. ಚಿಕ್ಕವೆಂಕಟಮ್ಮ ಎದ್ದು ಒಳಗೆ ಹೋದಳು.

ಶ್ರೀವಿದ್ಯಾ ಹಿಂದೆಯೇ ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ ಆ ಪ್ಯಾಕೆಟ್ ಇತ್ತು, ಅರ್ಧಕ್ಕಿಂತ ಕಡಿಮೆಯಾಗಿತ್ತು. ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದಳು ದೊಡ್ಡಮ್ಮ.

"ನಿನ್ನಿಂದ ಆದದ್ದಲ್ಲ ದೊಡ್ಡಮ್ಮ. ಈ ಉಪ್ಪಲ್ಲಿ ಪೊಟ್ಯಾಸಿಯಂ ಐತೆ. ಎಳನೀರಲ್ಲಿ ಇರ್ತದೆ ಅಂತ ಬೇಡ ಅಂದಿದ್ರಲ್ಲ, ಅದೇ. ಸರಿಯಾಗಿ ನೋಡದೇನೇ ಹಾಕಿ ಅಂದೋಳು ನಾನು."

ದೊಡ್ಡಮ್ಮ ಅವಳ ತಲೆ ಸವರಿದಳು. "ಓದಿರೋಳು ನೀನು. ನನ್ನ ಸಮಾಧಾನಕ್ಕೆ ಏನಾದ್ರೂ ಹುಡುಕಿ ಹೇಳ್ತೀಯ. ಉಪ್ಪಂದ್ರೆ ಉಪ್ಪು ಕಣಮ್ಮ. ಹಾಕಿದ್ದು ಈ ಕೈ."

ಆ ಮನೆಯಲ್ಲಿ ಶ್ರೀವಿದ್ಯಾ ಮೂರು ದಿನ ಇದ್ದಳು. ಮೂರು ದಿನವೂ ದೊಡ್ಡಮ್ಮ ತನ್ನ ತಟ್ಟೆಗೆ ಉಪ್ಪು ಹಾಕಿಕೊಳ್ಳಲಿಲ್ಲ.

ಜೂನ್ ಮಧ್ಯದಲ್ಲಿ ಊರು ತೆರೆಯಿತು. ಶ್ರೀವಿದ್ಯಾ ಲ್ಯಾಬಿನಿಂದ ಎರಡು ತುಂಡು ತಂತಿ ಮತ್ತು ಅಂಗೈಯಗಲದ ಒಂದು ನೀಲಿ ಗಾಜನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೊಡ್ಡಮ್ಮನ ಮನೆಗೆ ಬಂದಳು. ಮಾಮೂಲಿ ಉಪ್ಪನ್ನೂ ಒಂದು ಪೊಟ್ಟಣ ತಂದಿದ್ದಳು. ಕಿಟಕಿ ಮುಚ್ಚಿ ಗ್ಯಾಸ್ ಹಚ್ಚಿದಳು. ಮೊದಲ ತಂತಿಯ ತುದಿಯನ್ನು ಒದ್ದೆ ಮಾಡಿ ಮಾಮೂಲಿ ಉಪ್ಪಿಗೆ ಅದ್ದಿ ಉರಿಗೆ ಹಿಡಿದಳು. ಉರಿ ಅರಿಶಿನವಾಯಿತು.

"ಈಗ ಗಾಜಲ್ಲಿ ನೋಡು."

ದೊಡ್ಡಮ್ಮ ಗಾಜನ್ನು ಕಣ್ಣಿಗೆ ಹಿಡಿದಳು. "ಆ ಅರಿಶಿನ ಕಾಣಲ್ಲ. ಬರೀ ನೀಲಿ."

ಎರಡನೆಯ ತಂತಿಯನ್ನು ರಬ್ಬರ್ ಬ್ಯಾಂಡಿನ ಪ್ಯಾಕೆಟ್ಟಿಗೆ ಅದ್ದಿ ಹಿಡಿದಳು. ಬರಿಗಣ್ಣಿಗೆ ಅದೂ ಅರಿಶಿನವಾಗಿಯೇ ಉರಿಯಿತು. ದೊಡ್ಡಮ್ಮ ಮತ್ತೆ ಗಾಜು ಎತ್ತಿದಳು. ಬಹಳ ಹೊತ್ತು ಇಳಿಸಲಿಲ್ಲ.

"ನೇರಳೆ ಬಣ್ಣ."

"ಅದೇ ಪೊಟ್ಯಾಸಿಯಂ. ಇನ್ನೊಂದ್ರಲ್ಲಿ ಅದಿಲ್ಲ. ನೀನು ಹಾಕಿದ್ದು ಉಪ್ಪು ಅಂತ. ಒಳಗಿದ್ದದ್ದು ಇದು. ನಿನ್ನ ಕೈಯಲ್ಲ ದೊಡ್ಡಮ್ಮ."

ಚಿಕ್ಕವೆಂಕಟಮ್ಮ ಗಾಜನ್ನು ಕಟ್ಟೆಯ ಮೇಲೆ ಮೆಲ್ಲನೆ ಇಟ್ಟಳು. ಗ್ಯಾಸ್ ಆರಿಸಿದಳು.

"ಬರೀ ಕಣ್ಣಿಗೆ ಎರಡೂ ಒಂದೇ ಥರ ಉರೀತವೆ."

"ಹೂಂ. ಗಾಜಿಲ್ದೆ ಗೊತ್ತಾಗಲ್ಲ."

"ನಂಗೆ ಗೊತ್ತಾಗಿತ್ತಲ್ಲಮ್ಮ. ನಾಲಿಗೆ ಮೇಲೆ ಇಟ್ಕೊಂಡ ದಿನವೇ ಕಹಿ ಐತೆ ಅಂತ ಫೋನ್ ಮಾಡ್ದೆ. ನೀನೇನಂದೆ?"

ಶ್ರೀವಿದ್ಯಾ ತಂತಿಗಳನ್ನು ಬಟ್ಟೆಗೆ ಸುತ್ತತೊಡಗಿದಳು. ಒಂದು ಇನ್ನೂ ಬಿಸಿಯಿತ್ತು.

"ಅಭ್ಯಾಸ ಆಗುತ್ತೆ ಅಂದೆ."

ಆಮೇಲೆ ದೊಡ್ಡಮ್ಮ ಕಿಟಕಿ ತೆರೆದಳು. ಅನ್ನಕ್ಕಿಟ್ಟಳು. ಇಬ್ಬರೂ ಊಟ ಮಾಡಿದರು. ಅವಳು ತನ್ನ ತಟ್ಟೆಗೆ ಉಪ್ಪು ಹಾಕಿಕೊಂಡಳು. ಅದಕ್ಕಾಗಿಯೇ ಶ್ರೀವಿದ್ಯಾ ಅಷ್ಟು ದೂರ ಬಂದದ್ದು. ಊಟವಾದ ಮೇಲೆ ದೊಡ್ಡಮ್ಮ ತಲೆ ಸವರಲಿಲ್ಲ. ಬಸ್ಸಿಗೆ ಹೊತ್ತಾಗುತ್ತೆ, ಹೊರಡು ಎಂದಳು.

ಎರ್ರಪ್ಪ ಮುಂದಿನ ಸಲ ಬಂದಾಗ ದೊಡ್ಡಮ್ಮ ಅವನ ಎದುರು ತಲೆ ತಗ್ಗಿಸಲಿಲ್ಲವಂತೆ. "ನಾನು ಹಾಕಿದ್ದಲ್ಲಪ್ಪ. ಬೇರೆ ಏನೋ ಬಂದಿತ್ತು ಪ್ಯಾಕೆಟ್ಟಲ್ಲಿ," ಎಂದಷ್ಟೇ ಹೇಳಿದಳಂತೆ. ಯಾರು ತರಿಸಿದ್ದು ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವಂತೆ. ಇದನ್ನು ಶ್ರೀವಿದ್ಯಾಳಿಗೆ ಹೇಳಿದವನು ಎರ್ರಪ್ಪನೇ.

ಶನಿವಾರ ಬಂತು. ಶ್ರೀವಿದ್ಯಾ ಒಬ್ಬರಿಗೆ ಬೇಕಾದಷ್ಟು ತೂಕ ಹಾಕಿ ಪಟ್ಟಿ ಬರೆದಳು. ಮೂರನೆಯ ಕಾಲಂನಲ್ಲಿ ಈ ಸಲ ಬೇರೆ ಮಾತಿತ್ತು: ಸಿಗದಿದ್ದರೆ ಬಿಟ್ಟುಬಿಡಿ. ಕಳಿಸುವ ಮುನ್ನ ದೊಡ್ಡಮ್ಮನಿಗೆ ಫೋನ್ ಮಾಡಿ ಇನ್ನೇನಾದರೂ ಬೇಕಾ ಎಂದು ಕೇಳಿದಳು.

"ಏನೂ ಬೇಡಮ್ಮ," ಎಂದಳು ದೊಡ್ಡಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಗಡಿ ಎಲ್ಲಾ ತೆಗೆದವ್ರೆ ಈಗ. ನಾನೇ ಹೋಗಿ ನೋಡಿ ತರ್ತೀನಿ."