ಹದಿನಾಲ್ಕು ನಡೆಯ ಬಾಯಿಪಾಠ

ಹದಿನಾಲ್ಕು ನಡೆ ಬಾಯಿಪಾಠ ಮಾಡಿಕೊಂಡು ಚೆಸ್ ಆಡಲು ಕೂತೆ. ಮೊದಲನೇ ನಡೆಯಲ್ಲೇ ಸಿಕ್ಕಿಬಿದ್ದೆ.

ಆಗಿದ್ದಿಷ್ಟು. ಪಾಂಡವಪುರದಲ್ಲಿ ನೌಕರರ ಕ್ರೀಡಾಕೂಟವಿತ್ತು. ನಾಗಮಂಗಲದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಓಟಕ್ಕೆ, ಥ್ರೋಬಾಲಿಗೆ ಜನ ಸಿಕ್ಕರು. ಚೆಸ್ಸಿಗೆ ಯಾರೂ ಇಲ್ಲ. "ಮೇಡಂ, ನಿಮ್ದು ಡಬಲ್ ಡಿಗ್ರಿ ಅಲ್ವಾ? ನೀವೇ ಆಡಿ" ಎಂದು ಪಿ.ಟಿ. ಮೇಷ್ಟ್ರು ನನ್ನ ಹೆಸರು ಬರೆದೇಬಿಟ್ಟರು. ಡಿಗ್ರಿಗೂ ಚೆಸ್ಸಿಗೂ ಏನು ಸಂಬಂಧ? ಕೇಳಬಹುದಿತ್ತು. ಆದರೆ ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗಳು ನಾನು. ಆ ಪದ ಕಿವಿಗೆ ಬಿದ್ದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಒಪ್ಪಿಕೊಂಡೆ. ಇನ್ನು ಸೋತು ಬಂದರೆ ಹೋಗುವುದು ಆ ಡಿಗ್ರಿಯ ಮಾನವೇ!

ನನಗೆ ಕಾಯಿ ನಡೆಸುವುದಷ್ಟೇ ಗೊತ್ತಿತ್ತು. ಆಟ ಶುರುಮಾಡುವ ಕ್ರಮಕ್ಕೆ ಓಪನಿಂಗ್ ಅನ್ನುತ್ತಾರೆ, ಅದಕ್ಕೂ ಪುಸ್ತಕಗಳಿವೆ ಎಂದು ತಿಳಿಯಿತು. ಪುಸ್ತಕ ಇದೆ ಎಂದ ಮೇಲೆ ನನಗೇನು ಹೆದರಿಕೆ? ಇನ್ನೂರು ಪುಟದ ನೋಟ್‌ಬುಕ್ ತಂದೆ. ಬಿಳಿ ಕಾಯಿಯ ನಡೆ ಕೆಂಪು ಪೆನ್ನಿನಲ್ಲಿ, ಕಪ್ಪಿನದು ನೀಲಿಯಲ್ಲಿ. ಬಸ್ಸಿಗೆ ಕಾಯುವಾಗಲೂ ತುಟಿ ಅಲ್ಲಾಡಿಸುತ್ತಿದ್ದೆ. ಎದುರಾಳಿ ಏನು ಆಡಬೇಕೆಂಬುದನ್ನೂ ನಾನೇ ಕಲಿತಿದ್ದೆ. (ಪಾಪ, ಅವರಿಗೆ ತಿಳಿಸಿರಲಿಲ್ಲ.)

ಕ್ರೀಡಾಕೂಟಕ್ಕೆ ಎರಡು ವಾರವಿದ್ದಾಗ ಕರಿಘಟ್ಟಕ್ಕೆ ಹೋಗಿದ್ದೆ. ಬರುವಾಗ ಸ್ಕೂಟರಿನ ಹರಿದ ಸೀಟು ಹೊಲಿಸಲು ಶ್ರೀರಂಗಪಟ್ಟಣದ ನಜೀರ್ ಸಾಹೇಬರ ಅಂಗಡಿ ಮುಂದೆ ನಿಂತೆ. ರೆಕ್ಸಿನ್ ರೋಲಿನ ಮೇಲೆ ಚೆಸ್ ಬೋರ್ಡು! ಪರೀಕ್ಷೆಗೆ ಮುಂಚೆ ಒಂದು ಪ್ರಿಪರೇಟರಿ ಆಗಲಿ ಎಂದು ಆಟಕ್ಕೆ ಕರೆದೆ.

ರಾಜನ ಮುಂದಿನ ಪದಾತಿಯನ್ನು ಎರಡು ಮನೆ ಮುಂದಿಟ್ಟೆ. ಸಾಹೇಬರು ಅದನ್ನೆತ್ತಿ ಒಂದು ಮನೆ ಹಿಂದಿಟ್ಟರು.

"ಅರೆ ಮೇಡಂ, ಎರಡು ಮನೆ ಎಗರಕ್ಕೆ ಅದೇನ್ ಕುದ್ರೇನಾ? ನಮ್ ಪ್ಯಾದೆ ನಡ್ಕಂಡೇ ಓಗದು."

ನಮ್ಮ ಕಡೆಯ ಹಳೇ ಆಟದಲ್ಲಿ ಪದಾತಿಗೆ ಒಂದೇ ಮನೆ. ಸಾಹೇಬರಿಗೆ ಅವರ ಅಬ್ಬಾ ಕಲಿಸಿದ್ದು ಅದು. ಅಂಗಡಿ ಅವರದು, ಬೋರ್ಡೂ ಅವರದು. ನಾನೇನು ಮಾಡಲಿ? ನೋಟ್‌ಬುಕ್ಕಿನ ಮುಂದಿನ ನಡೆಗಳನ್ನೇ ಆಡಿದೆ. ಕುದುರೆ ಬಂತು, ಒಂಟೆ ಬಂತು. ಸಾಹೇಬರು ಒಂದು ಪದಾತಿಯನ್ನು ಒಂದೊಂದೇ ಮನೆ ನಡೆಸಿ ತಂದು ನನ್ನ ಒಂಟೆಗೆ ಗುರಿಯಿಟ್ಟರು. ನನಗೆ ಕಾಣಲಿಲ್ಲವೇ? ಕಂಡಿತು. ಆದರೆ ಒಂಟೆ ಓಡಿಸು ಎಂದು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲವಲ್ಲ! ಒಂಟೆ ಹೋಯಿತು. ಆಮೇಲೆ ಉಳಿದದ್ದೂ.

"ಆ ಒಂಟೇನ ಅಲ್ಲಿಗ್ಯಾಕ್ ತಂದ್ರಿ?"

"ಪುಸ್ತಕದಲ್ಲಿ ಹಾಗೇ ಇದೆ."

"ಪುಸ್ತಕ ಯಾಕಂಗಂತು?"

ನನಗೆ ಗೊತ್ತಿರಲಿಲ್ಲ. ಸಾಹೇಬರು ಸೂಜಿಗೆ ದಾರ ಪೋಣಿಸುತ್ತಾ ನಕ್ಕರು. "ಓದ್ದೋರು ನೀವು. ನಾನ್ ಕೇಳ್ಬಾರ್ದು ಬುಡಿ."

ಆ ಮಾತು ನಾಟಿತು. ಏಕೆಂದರೆ ಈ ತಪ್ಪು ನಾನು ಮೊದಲ ಸಲ ಮಾಡಿದ್ದಲ್ಲ. ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದವಳು ನಾನು. ಪ್ರಮೇಯ ಕಂಠಪಾಠವಾಗಿತ್ತು. ಆದರೆ ಪ್ರಶ್ನೆಪತ್ರಿಕೆಯ ತ್ರಿಕೋನಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಎಂದು ಹಾಕಿದ್ದರು. ಇದ್ಯಾವುದೋ ಬೇರೆ ತ್ರಿಕೋನ ಎಂದುಕೊಂಡು ಬಿಟ್ಟು ಬಂದೆ! ಎರಡನೇ ಸಲ ಪಾಸು ಮಾಡಿಸಿದ್ದು ಟ್ಯೂಷನ್ ಅಲ್ಲ, ಹೆಬ್ಬೆಟ್ಟು ಒತ್ತುವ ನನ್ನ ಅವ್ವ. ಸಿಂಧಘಟ್ಟದ ಮನೆಯಲ್ಲಿ ಹಾಲು ಕರೆಯುತ್ತಾ, "ಬರೀ ಒದರ್ಬ್ಯಾಡ ಕಣವ್ವ, ಯಾಕಂಗೆ ಅಂತ ಯೋಳು" ಅನ್ನುತ್ತಿದ್ದಳು. ಅವಳಿಗೆ ಅರ್ಥ ಮಾಡಿಸಲು ಹೋಗಿ ನನಗೆ ಅರ್ಥವಾಯಿತು.

ಸಾಹೇಬರ ಅಂಗಡಿಯಿಂದ ಬಂದವಳೇ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿದೆ. ಹದಿನಾಲ್ಕಲ್ಲ, ನಾಲ್ಕೇ ನಡೆ. ಪ್ರತಿ ನಡೆಯ ಪಕ್ಕ ಒಂದು ಸಾಲು: ಯಾಕೆ? ಪದಾತಿ ಮುಂದೆ ಹೋದದ್ದು ನಡುವಿನ ಮನೆ ಹಿಡಿಯಲು, ಹಿಂದಿನ ಒಂಟೆಗೆ ದಾರಿ ಬಿಡಲು. ಯಾಕೆ ಎಂದು ಬರೆಯಲಾಗದ ನಡೆಯನ್ನು ಹೊಡೆದುಹಾಕಿದೆ. ಆಮೇಲೆ ಫೋನಿನಲ್ಲಿ ಯಾರ್ಯಾರದೋ ಜೊತೆ ಅದೇ ನಾಲ್ಕು ನಡೆಯಿಂದ ಆಡಿದೆ, ಸೋತೆ, ಆಟ ಮುಗಿದ ಮೇಲೆ ಪುಸ್ತಕ ತೆರೆದು ನನ್ನ ದಾರಿ ಎಲ್ಲಿ ತಪ್ಪಿತು ನೋಡಿದೆ. ದಿನಕ್ಕೆ ಅದೊಂದೇ ಪಾಠ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಹೆಚ್ಚು ಬೇಕೇ? ನೀವೇ ಹೇಳಿ.

ಊರಿಗೆ ಹೋದಾಗ ಅವ್ವನ ಮುಂದೂ ಬೋರ್ಡು ಹರಡಿದೆ. ಕುದುರೆ ಬೇಗ ಹೊರಗೆ ಬರಬೇಕು ಎಂದೆ. "ಊ ಮತ್ತೆ, ಕಟ್ಟಾಕಿದ್ರೆ ಅದೇನ್ ಗೇಯ್ತದೆ?" ಅಂದಳು. ನಾನು ಒಂದು ಪುಟ ಓದಿ ತಿಳಿದದ್ದು!

ಪಾಂಡವಪುರದಲ್ಲಿ ಮೊದಲ ಸುತ್ತಿನ ಎದುರಾಳಿ ಕೆ.ಆರ್. ಪೇಟೆಯ ಕ್ಲರ್ಕು. ಮೂರನೇ ನಡೆಗೇ ನನ್ನ ಪುಟದಲ್ಲಿಲ್ಲದ್ದನ್ನು ಆಡಿದರು. ಮತ್ತೆ ಅದೇ ಪಿ, ಕ್ಯೂ, ಆರ್! ಆದರೆ ಈ ಸಲ ಬಿಟ್ಟು ಏಳಲಿಲ್ಲ. ಇವರು ಯಾಕೆ ಹೀಗೆ ಆಡಿದರು ಎಂದು ಕೇಳಿಕೊಂಡೆ. ಉತ್ತರ ಸಿಕ್ಕಿತು, ಗೆದ್ದೆ.

ಎರಡನೇ ಸುತ್ತಿನಲ್ಲಿ ಸೋತೆ. ಬಸ್ ಸ್ಟ್ಯಾಂಡಿನಿಂದಲೇ ಅವ್ವನಿಗೆ ಫೋನ್ ಮಾಡಿದೆ.

"ಯಾಕ್ ಸೋತೆ ಅಂತ ಗೊತ್ತಾಯ್ತಾ?"

"ಗೊತ್ತಾಯ್ತವ್ವ. ಒಂದು ಪದಾತಿ ಆಸೆಗೆ ಮಂತ್ರೀನ ಶುರುವಲ್ಲೇ ಹೊರಗೆ ಕಳಿಸಿಬಿಟ್ಟೆ. ಅವರು ಅದನ್ನ ಅಟ್ಟಾಡಿಸ್ತಾ ಅಟ್ಟಾಡಿಸ್ತಾ ತಮ್ಮ ಕಾಯೆಲ್ಲ ಹೊರಗೆ ತಂದುಕೊಂಡ್ರು."

"ಅಂಗಾದ್ರೆ ಪಾಸಾದೆ ಬುಡು."